ಹೋಂಸ್ಟೇ ಸೀಸನ್ ಕೆಲಸಕ್ಕೆ ಹೋಗೋರಿಗೆ: ಒರಟು ಗೆಸ್ಟ್‌ಗಳನ್ನ ನಿಭಾಯಿಸೋದು ಹೇಗೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆ ಲಾಂಗ್ ವೀಕೆಂಡ್ ಬಂತು ಅಂದ್ರೆ ಹೋಂಸ್ಟೇಗಳಿಗೆ ಹುಡುಗ್ರು ಹುಡುಗೀರು ಬೇಕೇ ಬೇಕು, ದಸರಾ ರಜೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕ ಅಂತೂ ಕೇಳೋದೇ ಬೇಡ. ರೂಮ್ ಕ್ಲೀನಿಂಗು, ಅಡುಗೆಮನೆ ಕೆಲಸ ಎರಡು ದಿನದಲ್ಲಿ ಕಲಿತ್ಕೋತೀರ. ಆದ್ರೆ ಬಾಯಿಗೆ ಬಂದಂಗೆ ಮಾತಾಡೋ ಗೆಸ್ಟ್ ಮುಂದೆ ಹೇಗೆ ನಿಲ್ಬೇಕು ಅಂತ ಯಾರೂ ಹೇಳ್ಕೊಡಲ್ಲ, ಅದಕ್ಕೇ ಇದನ್ನ ಬರೀತಿದ್ದೀನಿ.

ಮೊದಲ ಕೆಲಸ ಗೆಸ್ಟ್ ಬರೋ ಮುಂಚೆನೇ ಇದೆ. ಓನರ್ ಹತ್ರ ಕೂತು ಮಾತಾಡಿ. ಕ್ಯಾಂಪ್‌ಫೈರ್‌ಗೆ ಎಕ್ಸ್‌ಟ್ರಾ ಎಷ್ಟು, ಮಳೆ ಬಂದು ಹಾಕೋಕಾಗ್ದಿದ್ರೆ ದುಡ್ಡು ವಾಪಸ್ ಕೊಡ್ತೀರಾ, ಯಾರಾದ್ರೂ ಗಲಾಟೆ ಮಾಡಿದ್ರೆ ರಾತ್ರಿ ನಿಮಗೆ ಫೋನ್ ಮಾಡ್ಬೋದಾ, ನಾನಾಗಿ ಏನು ಕೊಡ್ಬೋದು, ಏನಕ್ಕೆ ನಿಮ್ಮನ್ನ ಕೇಳ್ಬೇಕು. ಇಷ್ಟು ಕ್ಲಿಯರ್ ಆಗಿಲ್ಲ ಅಂದ್ರೆ ಗೆಸ್ಟ್ ಕೂಗಾಡ್ದಾಗ ನೀವು ಒಂದು ಹೇಳ್ತೀರ, ಓನರ್ ಬಂದು ಇನ್ನೊಂದು ಹೇಳ್ತಾರೆ, ಆಮೇಲೆ ನಿಮ್ಮ ಮಾತಿಗೆ ಬೆಲೆನೇ ಇರಲ್ಲ. ಸ್ಟಾಫ್ ಪರ ನಿಲ್ಲದ ಓನರ್ ಹತ್ರ ಎಷ್ಟೇ ಸಂಬಳ ಕೊಟ್ರೂ ಕೆಲಸ ಮಾಡ್ಬೇಡಿ ಅನ್ನೋದು ನನ್ನ ಅಭಿಪ್ರಾಯ.

ಅರ್ಧಕ್ಕರ್ಧ ಜಗಳ ಹುಟ್ಟೋದು ಬಂದು ಇಳಿದಾಗ್ಲೇ. ಬೆಂಗಳೂರಿಂದ ಐದಾರು ಗಂಟೆ ಕಾರಲ್ಲಿ ಕೂತು ಬಂದಿರ್ತಾರೆ, ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿರ್ತಾವೆ, ಮ್ಯಾಪು ದಾರಿ ತಪ್ಪಿಸಿರತ್ತೆ, ಅಂಥ ಟೈಮಲ್ಲಿ ಆಧಾರ್ ಕಾರ್ಡ್ ಕೊಡಿ, ಬ್ಯಾಲೆನ್ಸ್ ಕಟ್ಟಿ ಅಂತ ಶುರು ಮಾಡಿದ್ರೆ ಎಂಥವ್ರಿಗೂ ರೇಗತ್ತೆ. ಮೊದ್ಲು ನೀರು, ಬಾತ್‌ರೂಮು, ಬಿಸಿ ಕಾಫಿ. ಅದಾದ್ಮೇಲೆ ರೂಲ್ಸು. ನೆಟ್‌ವರ್ಕ್ ಈ ಮೂಲೇಲಿ ಮಾತ್ರ ಸಿಗತ್ತೆ, ಬಿಸಿನೀರು ಹಂಡೇದು, ಕರೆಂಟ್ ಹೋದ್ರೆ ಎಷ್ಟೊತ್ತು ಬ್ಯಾಕಪ್ ಇರತ್ತೆ, ಮಳೆಗಾಲ ಆದ್ರೆ ತೋಟದಲ್ಲಿ ಇಂಬಳ (ಜಿಗಣೆ) ಹತ್ತತ್ತೆ, ಎಲ್ಲಾ ನೀವೇ ಮುಂಚೆ ಹೇಳ್ಬಿಡಿ. ಮುಳ್ಳಯ್ಯನಗಿರಿಗೆ ಈಗ ಆನ್‌ಲೈನಲ್ಲಿ ಬುಕ್ ಮಾಡ್ಕೊಂಡು ಹೋಗ್ಬೇಕು, ಅದು ಗೊತ್ತಿಲ್ದೆ ಬಂದು ಚೆಕ್‌ಪೋಸ್ಟಿಂದ ವಾಪಸ್ಸಾದವ್ರು ಸಿಟ್ಟನ್ನ ತೋರ್ಸೋದು ನಿಮ್ಮ ಮೇಲೆ, ಹಾಗಾಗಿ ರೂಮ್ ಬುಕ್ ಆದ ದಿನವೇ ವಾಟ್ಸಾಪಲ್ಲಿ ತಿಳಿಸೋಕೆ ಓನರ್‌ಗೆ ಹೇಳಿ.

ಇಷ್ಟಾದ್ರೂ "ಏಯ್, ಬಾರೋ ಇಲ್ಲಿ" ಅನ್ನೋರು ಇದ್ದೇ ಇರ್ತಾರೆ. ನೀವು ಬಹುವಚನ ಬಿಡ್ಬೇಡಿ. ಹತ್ರ ಹೋಗಿ ನಿಮ್ಮ ಹೆಸ್ರು ಹೇಳಿ, "ಸಾರ್, ಹೆಸ್ರು ಹಿಡಿದು ಕರೀರಿ, ಬರ್ತೀನಿ" ಅನ್ನಿ, ನಗೋದೂ ಬೇಡ, ಮುಖ ಗಂಟು ಹಾಕೋದೂ ಬೇಡ. ತುಂಬಾ ಜನ ಅಲ್ಲಿಗೇ ತಣ್ಣಗಾಗ್ತಾರೆ. ಕೂಗಾಡ್ತಿದ್ರೆ ಪೂರ್ತಿ ಹೇಳೋಕೆ ಬಿಡಿ, ಮಧ್ಯ ಬಾಯಿ ಹಾಕ್ಬೇಡಿ, ಮುಗಿದ್ಮೇಲೆ ನಿಧಾನಕ್ಕೆ ಏನು ಆಗತ್ತೆ, ಯಾವಾಗ ಆಗತ್ತೆ ಅಷ್ಟೇ ಹೇಳಿ: "ಗೀಸರ್ ಕೆಟ್ಟಿದೆ ಮೇಡಂ, ಇಪ್ಪತ್ತು ನಿಮಿಷದಲ್ಲಿ ಬಕೆಟಲ್ಲಿ ಬಿಸಿನೀರು ತಂದ್ಕೊಡ್ತೀನಿ." ಆಗದ್ದನ್ನ ನೋಡ್ತೀನಿ ನೋಡ್ತೀನಿ ಅಂತ ಎಳೀಬೇಡಿ, ಅದು ಇನ್ನೂ ಕೆರಳ್ಸತ್ತೆ.

ಗುಂಪು ಬಂದಾಗ ಬುಕಿಂಗ್ ಯಾರ ಹೆಸರಲ್ಲಿದೆ ನೋಡಿಟ್ಕೊಳ್ಳಿ. ಅಡ್ವಾನ್ಸ್ ಹಾಕಿದ್ದು ಅವ್ರು, ಹಾಗಾಗಿ ಜವಾಬ್ದಾರಿನೂ ಸ್ವಲ್ಪ ಜಾಸ್ತಿ ಇರತ್ತೆ. ಗಲಾಟೆ ಮಾಡೋನನ್ನ ಫ್ರೆಂಡ್ಸ್ ಎದುರಿಗೆ ತಡೆಯೋಕೆ ಹೋದ್ರೆ ಅವ್ನಿಗೆ ಮರ್ಯಾದೆ ಪ್ರಶ್ನೆ ಆಗ್ಬಿಡತ್ತೆ, ಅದ್ರ ಬದ್ಲು ಬುಕ್ ಮಾಡ್ದೋರನ್ನೋ ಕುಡೀದೇ ಇರೋ ಒಬ್ರನ್ನೋ ಪಕ್ಕಕ್ಕೆ ಕರೆದು "ಅಣ್ಣ, ಸ್ವಲ್ಪ ನೀವೇ ಹೇಳಿ" ಅಂದ್ರೆ ಸಾಮಾನ್ಯವಾಗಿ ಕೆಲಸ ಆಗತ್ತೆ.

ಕುಡಿದವ್ರ ಜೊತೆ ವಾದ ಬೇಡವೇ ಬೇಡ. ರಾತ್ರಿ ರೂಮಿಂದ ಫೋನ್ ಬಂದ್ರೆ ಒಬ್ರೇ ಹೋಗ್ಬೇಡಿ, ಇಬ್ರು ಹೋಗಿ, ಬಾಗಿಲಾಚೆನೇ ನಿಂತು ಮಾತಾಡಿ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಹೊರಗಡೆ ಸ್ಪೀಕರ್ ಹಾಕೋ ಹಾಗಿಲ್ಲ ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ, ಇದು ನಮ್ಮ ಹೋಂಸ್ಟೇ ರೂಲ್ ಅಷ್ಟೇ ಅಲ್ಲ, ಕಾನೂನು ಅಂತ ಹೇಳಿ. ಕೈ ಎತ್ತಿದ್ರೆ, ಸಾಮಾನು ಒಡೆಯೋಕೆ ಶುರು ಮಾಡಿದ್ರೆ ಅಲ್ಲಿಂದ ಹೊರಗೆ ಬಂದು ಓನರ್‌ಗೆ, ಜೊತೆಗೆ 112ಕ್ಕೆ ಫೋನ್ ಮಾಡಿ. ಓನರ್ ಹೆಸ್ರು ಹಾಳಾಗತ್ತೆ ಅಂತ ಕಾಯ್ತಾ ಕೂರ್ಬೇಡಿ.

ಹುಡುಗೀರಿಗೆ ಒಂದು ಮಾತು. ಗೆಸ್ಟ್ ಕೆಟ್ಟದಾಗಿ ಮಾತಾಡಿದ್ರೆ, ಮುಟ್ಟಿದ್ರೆ, ನಂಬರ್ ಕೊಡು ಅಂತ ಬೆನ್ನು ಬಿದ್ರೆ ಅದನ್ನ ಸಹಿಸ್ಕೊಳ್ಳೋದು ಡ್ಯೂಟಿ ಅಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಹೊರಗಿಂದ ಬರೋರಿಂದಲೂ ನಿಮ್ಗೆ ರಕ್ಷಣೆ ಕೊಡೋದು ಓನರ್ ಕರ್ತವ್ಯ. ಹತ್ತು ಜನಕ್ಕಿಂತ ಕಡಿಮೆ ಕೆಲಸದವ್ರು ಇರೋ ಜಾಗ ಆದ್ರೆ, ಅಥವಾ ಓನರ್ ಮೇಲೇ ದೂರು ಇದ್ರೆ, ಇದೇ ಕಾಯ್ದೆ ಪ್ರಕಾರ ಇಂಥ ದೂರು ಕೇಳೋಕೆ ಅಂತ ಇರೋ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡ್ಬೋದು. ಸೀಸನ್‌ಗೆ ಅಂತ ಬಂದ ಟೆಂಪರರಿ ಕೆಲಸದವ್ರಿಗೂ ಇದು ಅನ್ವಯ ಆಗತ್ತೆ.

"ಒನ್ ಸ್ಟಾರ್ ಕೊಡ್ತೀನಿ ನೋಡು" ಅನ್ನೋ ಬೆದರಿಕೆಗೆ ಕೈ ಮುಗೀಬೇಡಿ. ಏನಾಯ್ತು, ಎಷ್ಟೊತ್ತಿಗೆ, ಜೊತೆಗೆ ಯಾರಿದ್ರು ಅಂತ ಅವತ್ತೇ ಬರೆದು, ಒಡೆದಿದ್ದು ಕೆಡಿಸಿದ್ದು ಫೋಟೋ ತೆಗೆದು ಓನರ್‌ಗೆ ಕಳ್ಸಿ. ರಿವ್ಯೂಗೆ ಉತ್ತರ ಕೊಡೋಕೂ ಅದೇ ಬೇಕು, ಒಡೆದ ಗ್ಲಾಸಿನ ದುಡ್ಡನ್ನ ನಿಮ್ಮ ಸಂಬಳದಲ್ಲಿ ಹಿಡಿಯೋಕೆ ಬಂದ್ರೆ ತೋರ್ಸೋಕೂ ಅದೇ ಬೇಕು. ಬೈಸ್ಕೊಂಡ ತಕ್ಷಣ ಅದೇ ಟೇಬಲ್‌ಗೆ ಊಟ ಬಡಿಸೋಕೆ ಹೋಗ್ಬೇಡಿ, ಜೊತೆಯವ್ರಿಗೆ ಆ ಟೇಬಲ್ ಬಿಟ್ಕೊಟ್ಟು ನೀವು ಅಡುಗೆಮನೆ ಕಡೆ ಹೋಗಿ, ನಾಳೆ ಅವ್ರಿಗೆ ಹಾಗಾದಾಗ ನೀವು ಹೋಗಿ ಬಡಿಸಿ.