ಅಮೆರಿಕದಲ್ಲಿ ಮಕ್ಕಳ ಕಾಲೇಜು: ಹೊಸದಾಗಿ ಬಂದವರು ಮೊದಲು ನೋಡಬೇಕಾದ್ದು

ಮಗನೋ ಮಗಳೋ ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಹೊಸದಾಗಿ ಬಂದ ಮನೆಗಳಲ್ಲಿ ಒಂದೇ ಪ್ರಶ್ನೆ ಶುರುವಾಗುತ್ತದೆ: ಯಾವ ಕಾಲೇಜು ಒಳ್ಳೆಯದು? ನಾವೆಲ್ಲ ಸಿಇಟಿ ಕಾಲದವರು. ಒಂದು ಪರೀಕ್ಷೆ, ಒಂದು ರ‍್ಯಾಂಕ್, ಕೌನ್ಸೆಲಿಂಗ್‌ನಲ್ಲಿ ಸಿಕ್ಕ ಸೀಟು. ಮೆಕ್ಯಾನಿಕಲ್ ಸಿಕ್ಕಿದರೆ ನಾಲ್ಕು ವರ್ಷ ಮೆಕ್ಯಾನಿಕಲ್ಲೇ. ಇಲ್ಲಿ ಹಾಗಿಲ್ಲ. ಎಷ್ಟೋ ಮಕ್ಕಳು ಸೇರಿದ ಮೇಲೆ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಿಸುತ್ತಾರೆ, ಕೆಲವರು ಎರಡು ವರ್ಷ ಓದಿ ಕಾಲೇಜನ್ನೇ ಬದಲಿಸುತ್ತಾರೆ. ಅದಕ್ಕೇ ರ‍್ಯಾಂಕಿಂಗ್ ಪಟ್ಟಿ ತೆಗೆಯುವ ಮೊದಲು, ಒಳಗೆ ಹೋದ ಮೇಲೆ ಎಷ್ಟು ಬಾಗಿಲು ತೆರೆದಿರುತ್ತವೆ ಎಂದು ವಿಚಾರಿಸಿ.

ಇಂಡಿಯಾನಾದ ಪರ್ಡ್ಯೂ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಸೇರಿದ ಹೊಸ ಮಕ್ಕಳು ಮೊದಲ ವರ್ಷ ಒಟ್ಟಿಗೇ ಓದುತ್ತಾರೆ, ಬ್ರಾಂಚ್ ಆಮೇಲಿನ ಮಾತು. ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಬೇಕೆಂದರೆ ಅರ್ಜಿ ಹಾಕುವಾಗಲೇ ಅದಕ್ಕೆ ಆಯ್ಕೆಯಾಗುವುದು ಒಳ್ಳೆಯದು. ಬೇರೆ ಮೇಜರ್ ಸೇರಿ "ಆಮೇಲೆ ನೋಡಿಕೊಂಡರಾಯ್ತು" ಅಂದರೆ ತುಂಬಾ ಕಷ್ಟ. ಎರಡೂ ಒಳ್ಳೆಯ ಕಾಲೇಜುಗಳೇ. ಆದರೆ ಏನು ಓದಬೇಕೆಂದು ಇನ್ನೂ ಗೊತ್ತಿಲ್ಲದ ಹುಡುಗಿಗೆ ಎರಡೂ ಒಂದೇ ಅಲ್ಲ. ಹದಿನೇಳಕ್ಕೆ ಗೊತ್ತಿಲ್ಲದಿರುವುದು ತಪ್ಪೇನೂ ಅಲ್ಲ, ಅಲ್ವಾ? ಕ್ಯಾಂಪಸ್ ಟೂರ್‌ಗೆ ಹೋದಾಗ ಡಾರ್ಮ್, ಜಿಮ್ ನೋಡಿಕೊಂಡು ಸುಮ್ನೆ ವಾಪಸ್ ಬರಬೇಡಿ. ಮೇಜರ್ ಬದಲಿಸಲು ಎಷ್ಟು ಜಿಪಿಎ (ಗ್ರೇಡುಗಳ ಸರಾಸರಿ) ಬೇಕು, ಕಳೆದ ವರ್ಷ ಕೇಳಿದವರಲ್ಲಿ ಎಷ್ಟು ಮಂದಿಗೆ ಸಿಕ್ಕಿತು ಎಂದು ಕೇಳಿ.

ಎಚ್-1ಬಿ ಕೆಲಸದ ವೀಸಾ ಮೇಲೆ ಬಂದವರು ಇನ್ನೊಂದು ಲೆಕ್ಕ ಹಾಕಲೇಬೇಕು. ಮಗುವಿಗೆ 21 ತುಂಬಿದರೆ, ನಿಮ್ಮ ವೀಸಾದ ಆಧಾರದ ಮೇಲೆ ಸಿಕ್ಕ ಎಚ್-4 ವೀಸಾ ಮುಗಿಯುತ್ತದೆ. ಬಹುತೇಕ ಮಕ್ಕಳಿಗೆ ಅದು ಡಿಗ್ರಿಯ ನಡುವೆ ಬರುತ್ತದೆ. ನಮ್ಮವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಎಂದು ಹೇಳಬೇಕಾಗಿಲ್ಲ. ಹಾಗಾಗಿ ಹೆಚ್ಚಿನವರು ಎಫ್-1, ಅಂದರೆ ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗುತ್ತದೆ. ಅದಕ್ಕೆ ಕಾಲೇಜಿನಿಂದ ಐ-20 ಎಂಬ ಪ್ರವೇಶ ದಾಖಲೆ ಪಡೆದು ಇಲ್ಲೇ ಸ್ಟೇಟಸ್ ಬದಲಿಸುವ ಐ-539 ಅರ್ಜಿ ಹಾಕಬೇಕು, ಇಲ್ಲವೇ ದೇಶದ ಹೊರಗೆ ಹೋಗಿ ವೀಸಾ ಸ್ಟ್ಯಾಂಪಿಂಗ್ ಮಾಡಿಸಿಕೊಂಡು ಬರಬೇಕು. ಅರ್ಜಿ ತಿಂಗಳುಗಟ್ಟಲೆ ಹಿಡಿಯಬಹುದು, ಹುಟ್ಟುಹಬ್ಬ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಎಚ್-4 ಮಗು ಸಂಬಳದ ಕೆಲಸ ಮಾಡುವಂತಿಲ್ಲ, ಸಂಬಳದ ಇಂಟರ್ನ್‌ಶಿಪ್ ಕೂಡ ಇಲ್ಲ. ಎಫ್-1 ಇದ್ದರೆ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಓದಿಗೆ ಸಂಬಂಧಪಟ್ಟ ಇಂಟರ್ನ್‌ಶಿಪ್ಪಿಗೆ ಸಿಪಿಟಿ ಎಂಬ ಅನುಮತಿ ಇದೆ. ಡಿಗ್ರಿ ಮುಗಿದ ಮೇಲೆ 12 ತಿಂಗಳ ಒಪಿಟಿ (ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ), ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯವಾದರೆ ಇನ್ನೂ 24 ತಿಂಗಳು.

ಹಾಗಾದರೆ ಮೊದಲೇ ಎಫ್-1 ಮಾಡಿಸಿಬಿಡೋಣ ಎನ್ನಿಸಬಹುದು. ತಡೆಯಿರಿ. ಕ್ಯಾಲಿಫೋರ್ನಿಯಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳಲ್ಲಿ ಎಚ್-4 ಮಕ್ಕಳಿಗೂ ರಾಜ್ಯದವರ ಕಡಿಮೆ ಫೀಸ್ ಸಿಗುವ ದಾರಿ ಇದೆ. ಅದಕ್ಕೆ ಅಪ್ಪ ಅಮ್ಮ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆ ರಾಜ್ಯದಲ್ಲಿ ನೆಲೆಸಿದ್ದು, ಅಲ್ಲೇ ಉಳಿಯುವ ಉದ್ದೇಶವನ್ನು ದಾಖಲೆಗಳಲ್ಲಿ ತೋರಿಸಬೇಕು. ಎಫ್-1 ಮೇಲೆ ಇರುವವರಿಗೆ ಆ ದಾರಿ ಇಲ್ಲ. ವೀಸಾ ಬದಲಿಸಿದರೆ ಫೀಸ್ ಏರಬಹುದು, ಮತ್ತು ಒಂದೊಂದು ರಾಜ್ಯದ ನಿಯಮ ಒಂದೊಂದು ತರಹ. ಆದ್ದರಿಂದ ಐ-539 ಕಳಿಸುವ ಮೊದಲು ಯಾರು ರಾಜ್ಯದವರು ಎಂದು ತೀರ್ಮಾನಿಸುವ ಕಾಲೇಜಿನ ರೆಸಿಡೆನ್ಸಿ ಆಫೀಸಿಗೆ ಮೇಲ್ ಮಾಡಿ, ಉತ್ತರವನ್ನು ಬರಹದಲ್ಲೇ ಇಟ್ಟುಕೊಳ್ಳಿ. ಪಾರ್ಟಿಯಲ್ಲಿ ಯಾರೋ ಹೇಳಿದ ಮಾತಿನ ಮೇಲೆ ಈ ತೀರ್ಮಾನ ಬೇಡ.

ಇನ್ನು ದುಡ್ಡಿನ ವಿಷಯ. ಸರ್ಕಾರದ ನೆರವಿಗೆ ಹಾಕುವ ಫಾಫ್ಸಾ ಅರ್ಜಿ ಸಿಟಿಜನ್, ಗ್ರೀನ್ ಕಾರ್ಡ್ ಇರುವವರು, ಇನ್ನು ಕೆಲವೇ ವರ್ಗದವರಿಗೆ. ಎಚ್-4 ಅದರಲ್ಲಿ ಸೇರುವುದಿಲ್ಲ. ಕಾಲೇಜುಗಳ ವೆಬ್‌ಸೈಟಿನಲ್ಲಿ ನೆರವು ಕಳೆದು ನೀವು ಕಟ್ಟಬೇಕಾದ್ದು ಎಷ್ಟೆಂದು ಅಂದಾಜು ಹೇಳುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರುತ್ತದೆ, 2011ರಿಂದ ಕಾನೂನೇ ಹಾಗೆ ಹೇಳುತ್ತದೆ. ಆದರೆ ಅದು ಸಾಮಾನ್ಯವಾಗಿ ಸರ್ಕಾರದ ನೆರವು ಸಿಗುತ್ತದೆ ಎಂದುಕೊಂಡೇ ಲೆಕ್ಕ ಹಾಕುತ್ತದೆ. ಎಚ್-4 ಮನೆಯವರು ಆ ಅಂಕಿಯನ್ನು ನಂಬಿ ಬಜೆಟ್ ಮಾಡಬಾರದು. ಕೆಲವು ಖಾಸಗಿ ಕಾಲೇಜುಗಳು ತಮ್ಮದೇ ಹಣದಿಂದ ಇಂಥ ಮಕ್ಕಳಿಗೂ ಕೊಡುತ್ತವೆ. ಅದನ್ನು ನೀವೇ ನೋಡಿಕೊಳ್ಳಬಹುದು. ಬಹಳಷ್ಟು ಕಾಲೇಜುಗಳು ಕಾಮನ್ ಡೇಟಾ ಸೆಟ್ ಎಂಬ ದಾಖಲೆಯನ್ನು ವರ್ಷಕ್ಕೊಮ್ಮೆ ಹಾಕುತ್ತವೆ. ಕಾಲೇಜಿನ ಹೆಸರಿನ ಜೊತೆ ಅದನ್ನು ಸೇರಿಸಿ ಹುಡುಕಿ, ಎಚ್6 ಎಂಬ ಭಾಗ ತೆರೆಯಿರಿ. ಹೊರದೇಶದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ, ಸರಾಸರಿ ಎಷ್ಟು ಡಾಲರ್ ಕೊಟ್ಟರು ಎಂದು ಅಲ್ಲಿರುತ್ತದೆ. ಅದೇ ದಾಖಲೆಯ ಐ-3ರಲ್ಲಿ ಎಷ್ಟು ಕ್ಲಾಸುಗಳಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿದ್ದಾರೆ, ಎಷ್ಟರಲ್ಲಿ 100 ದಾಟಿದ್ದಾರೆ ಎಂಬ ಲೆಕ್ಕ. ಬಣ್ಣದ ಬ್ರೋಶರ್‌ಗಿಂತ ಈ ಎರಡು ಪುಟ ನನಗೆ ಹೆಚ್ಚು.

ಗ್ರೀನ್ ಕಾರ್ಡ್ ಇರುವ ಮನೆಗೆ ಬರುವ ನೆರವಿನ ಪತ್ರವನ್ನು ಪೆನ್ನು ಹಿಡಿದು ಓದಿ. ಮೇಲೆ ಗ್ರ್ಯಾಂಟ್ (ತೀರಿಸಬೇಕಿಲ್ಲದ ಹಣ), ಅದರ ಕೆಳಗೆ ವರ್ಕ್-ಸ್ಟಡಿ, ಅದರ ಕೆಳಗೆ 5,500 ಡಾಲರ್ ಲೋನ್. ಎಷ್ಟೋ ಪತ್ರಗಳಲ್ಲಿ ಎಲ್ಲವನ್ನೂ ಕೂಡಿಸಿ ಒಟ್ಟು ನೆರವು ಎಂದು ದೊಡ್ಡದಾಗಿ ಬರೆದಿರುತ್ತಾರೆ. ಲೋನ್ ತೀರಿಸಬೇಕಾದ ಸಾಲ, ವರ್ಕ್-ಸ್ಟಡಿ ದುಡಿದು ಗಳಿಸಬೇಕಾದ ಹಣ. ಎರಡಕ್ಕೂ ಗೀಟು ಎಳೆದು, ಉಳಿದ ಗ್ರ್ಯಾಂಟನ್ನು ವರ್ಷದ ಖರ್ಚಿನಿಂದ ಕಳೆದು, ಬಂದದ್ದನ್ನು ನಾಲ್ಕು ವರ್ಷಕ್ಕೆ ನಾಲ್ಕರಿಂದ ಗುಣಿಸಿ. ಸಿಕ್ಕರೆ ಸೇರುತ್ತೇವೆ ಎಂದು ಮೊದಲೇ ಒಪ್ಪಿ ಹಾಕುವ ಅರ್ಲಿ ಡಿಸಿಷನ್ ಅರ್ಜಿಗೂ ಮೊದಲೇ ದುಡ್ಡಿನ ಮಾತು ಮುಗಿದಿರಬೇಕು. ಅದರಲ್ಲಿ ಸೀಟು ಸಿಕ್ಕರೆ ಬೇರೆ ಅರ್ಜಿಗಳನ್ನು ವಾಪಸ್ ತೆಗೆದುಕೊಳ್ಳಬೇಕು, ಹೋಲಿಸಿ ನೋಡುವ ಅವಕಾಶ ಹೋಗುತ್ತದೆ. ಮಾಮೂಲಿ ಅರ್ಜಿಯಾದರೆ ಸಾಮಾನ್ಯವಾಗಿ ಮೇ 1ರವರೆಗೆ ಸಮಯ ಇರುತ್ತದೆ.

ಎರಡು ವರ್ಷದ ಕಮ್ಯುನಿಟಿ ಕಾಲೇಜು ಅಂದರೆ ನಮ್ಮವರ ಮುಖ ಸಣ್ಣದಾಗುತ್ತದೆ. ಇದು ಬದಲಾಗಬೇಕು ಎಂದು ನನಗೆ ತುಂಬಾ ಅನ್ನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಕಾಲೇಜುಗಳಿವೆ, ರಾಜ್ಯದವರಿಗೆ ಒಂದು ಯೂನಿಟ್ಟಿಗೆ (ಕ್ರೆಡಿಟ್ಟಿಗೆ) 46 ಡಾಲರ್. ಅಲ್ಲಿ ಎರಡು ವರ್ಷ ಓದಿ ಯುಸಿಗೆ ಟ್ರಾನ್ಸ್‌ಫರ್ ಆಗಬಹುದು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್ಸುಗಳು ಟ್ಯಾಗ್ ಎಂಬ ಒಪ್ಪಂದದ ಮೇಲೆ ಸೀಟಿನ ಭರವಸೆಯನ್ನೇ ಕೊಡುತ್ತವೆ. ಜಿಪಿಎ, ಕೋರ್ಸುಗಳ ಷರತ್ತು ಪೂರೈಸಿ ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಬೇಕು. ಕೆಲವು ಮೇಜರ್‌ಗಳು ಅದರ ಹೊರಗಿವೆ, ಬರ್ಕ್ಲಿ ಮತ್ತು ಯುಸಿಎಲ್‌ಎಗೆ ಟ್ಯಾಗ್ ಇಲ್ಲ. ಯಾವ ಕೋರ್ಸ್ ಎಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದು ಅಸಿಸ್ಟ್ ಎಂಬ ಸೈಟಿನಲ್ಲಿ ಮೊದಲ ಸೆಮಿಸ್ಟರಿಗೂ ಮೊದಲೇ ನೋಡಿ. ಕೊನೆಗೆ ಕೈಗೆ ಬರುವುದು ಯುಸಿ ಡಿಗ್ರಿಯೇ. ಹನ್ನೊಂದನೇ ಕ್ಲಾಸಿಗೆ ಬಂದಿಳಿದು ಇಲ್ಲಿನ ಪದ್ಧತಿ ತಿಳಿಯುವಷ್ಟರಲ್ಲೇ ಅರ್ಜಿ ಹಾಕಬೇಕಾದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಸೇರಿದ ಮೇಲೆ ನಮ್ಮ ಮಕ್ಕಳು ಜಾಸ್ತಿ ಬಿಟ್ಟುಬಿಡುವುದು ಆಫೀಸ್ ಅವರ್ಸ್, ಅಂದರೆ ಮಕ್ಕಳು ಬಂದು ಕೇಳಲೆಂದು ಪ್ರೊಫೆಸರ್ ಎತ್ತಿಟ್ಟ ಸಮಯ. ಊರಲ್ಲಿ ಸ್ಟಾಫ್ ರೂಮಿಗೆ ಕರೆದರೆ ಏನೋ ತಪ್ಪಾಗಿದೆ ಎಂದೇ ಅರ್ಥ, ಆ ಅಂಜಿಕೆ ಇಲ್ಲಿಗೂ ಬರುತ್ತದೆ. ಇಲ್ಲಿ ಪ್ರೊಫೆಸರ್ ಬಾಗಿಲು ತೆರೆದು ಕೂತಿರುತ್ತಾರೆ. ಮೇಜಿನ ಈಚೆ ಎರಡು ಕುರ್ಚಿ, ಗೋಡೆಗೆ ಬಿಳಿ ಬೋರ್ಡು, ಪರೀಕ್ಷೆಯ ಹಿಂದಿನ ವಾರ ಬಿಟ್ಟರೆ ಆ ಕುರ್ಚಿಗಳು ಹೆಚ್ಚಾಗಿ ಖಾಲಿ. ಏನು ಕೇಳುವುದು ಎಂದು ಮಕ್ಕಳು ಒದ್ದಾಡುತ್ತಾರೆ. ನೋಟ್‌ಬುಕ್ ತೆರೆದು "ನಾಲ್ಕನೇ ಲೆಕ್ಕ ಇಲ್ಲಿವರೆಗೆ ಬಂತು, ಮುಂದೆ ಹೋಗ್ತಿಲ್ಲ" ಎಂದು ತೋರಿಸಿದರೆ ಸಾಕು. ಅವರೇ ಮಾರ್ಕರ್ ಹಿಡಿದು ಏಳುತ್ತಾರೆ. ಹೀಗೆ ಕೆಲವು ವಾರ ಹೋದವರ ಹೆಸರು ಅವರಿಗೆ ನೆನಪಿರುತ್ತದೆ. ಮುಂದೆ ಲ್ಯಾಬಿನಲ್ಲಿ ಕೆಲಸ ಸಿಗುವುದು, ಮಾಸ್ಟರ್ಸ್‌ಗೆ ಶಿಫಾರಸು ಪತ್ರ ಬರುವುದು ಎಷ್ಟೋ ಸಲ ಅಲ್ಲಿಂದಲೇ. ಸಂಬಳ ಪಡೆಯುವಂತಿಲ್ಲದ ಎಚ್-4 ಮಕ್ಕಳು ಕ್ರೆಡಿಟ್ಟಿಗಾಗಿ ರಿಸರ್ಚ್ ಮಾಡಬಹುದೇ ಎಂದು ಕೇಳುವುದೂ ಅಲ್ಲೇ.

ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಬೇಸಿಗೆಯಲ್ಲಿ ಹುಡುಕಿದರೆ ತಡವಾಯಿತು. ದೊಡ್ಡ ಕಂಪನಿಗಳು ಹಿಂದಿನ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಕ್ಯಾಂಪಸ್ಸಿಗೆ ಬರುತ್ತವೆ. ಮೊದಲ ವರ್ಷವೇ ಕರಿಯರ್ ಫೇರ್‌ಗೆ ಹೋಗಿ ಮಾತಾಡಿ ಬರಲಿ, ಕೆಲಸ ಸಿಗದಿದ್ದರೂ ಪರವಾಗಿಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಫೀಸ್ ನೀವು ಕಟ್ಟಿದರೂ ಮಾರ್ಕ್ಸ್ ಕಾರ್ಡ್ ನಿಮ್ಮ ಮನೆಗೆ ಬರುವುದಿಲ್ಲ. ಫೆರ್ಪಾ ಎಂಬ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ಆ ದಾಖಲೆಗಳ ಹಕ್ಕು ಮಗುವಿನದು. ನೀವು ನೋಡಬೇಕಾದರೆ ಸಾಮಾನ್ಯವಾಗಿ ಮಗುವೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಅದನ್ನು ಜಗಳ ಮಾಡಿ ಬರೆಸಿಕೊಳ್ಳುವ ಬದಲು, ಕೆಟ್ಟ ಸುದ್ದಿಯನ್ನೂ ಮನೆಯಲ್ಲಿ ಹೇಳಬಹುದು ಎಂಬ ಧೈರ್ಯ ಮಗುವಿಗೆ ಮೊದಲೇ ಇರಲಿ. ಯಾಕೆಂದರೆ ಮೊದಲ ಮಿಡ್‌ಟರ್ಮಿನಲ್ಲಿ ಎಡವುವ ಮಕ್ಕಳು ಬಹಳ. ಆಗ ಕೋರ್ಸ್ ಬಿಡಲು ಒಂದು ಕೊನೆಯ ದಿನ ಇರುತ್ತದೆ. ಅದರೊಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಬ್ಲ್ಯೂ (ಕೋರ್ಸ್ ಬಿಟ್ಟಿದ್ದಾರೆ) ಎಂದು ಬರುತ್ತದೆ, ಜಿಪಿಎಗೆ ಏಟು ಬೀಳುವುದಿಲ್ಲ. ಎಫ್-1 ಮೇಲಿರುವ ಮಗು ಮಾತ್ರ ಹಾಗೆ ಬಿಡುವ ಮೊದಲು ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಲೇಬೇಕು. ಸೆಮಿಸ್ಟರಿಗೆ ಸಾಮಾನ್ಯವಾಗಿ 12 ಕ್ರೆಡಿಟ್ ಕಡ್ಡಾಯ. ಅನುಮತಿ ಇಲ್ಲದೆ ಅದಕ್ಕಿಂತ ಕೆಳಗೆ ಇಳಿದರೆ ವೀಸಾ ಸ್ಟೇಟಸ್ಸಿಗೇ ತೊಂದರೆ.