ಬಣ್ಣವನ್ನು ಕೊನೆಗೆ ಇಟ್ಟೆ: ನಾನು ಮನೆಗೆ ನೆಲಹಾಸು ಆರಿಸಿದ ಬಗೆ

ಅಂಗಡಿಗೆ ಕಾಲಿಡುವ ಮೊದಲೇ ಹಳೆಯ ಹೊದಿಕೆಗಳನ್ನು ಬೇಕಾದ ಅಳತೆಗೆ ಮಡಚಿ, ಹಜಾರದ ನೆಲಕ್ಕೆ ಹಾಸಿ, ಅಂಚಿಗೆಲ್ಲ ಟೇಪ್ ಅಂಟಿಸಿ ಹತ್ತು ದಿನ ಬಿಟ್ಟಿದ್ದೆ. ಮನೆಗೆ ಬಂದ ಅಣ್ಣ ಅದನ್ನು ನೋಡಿ, "ಒಂದು ಕಾರ್ಪೆಟ್ ತರುವುದಕ್ಕೆ ಇಷ್ಟೆಲ್ಲ ಏಕೆ? ಬಣ್ಣ ಒಪ್ಪಿದರೆ ಆಯಿತಲ್ಲ" ಎಂದ. ನನ್ನ ಗಂಡನೂ ಅವನ ಪರವೇ ನಿಂತರು. ಅದಾಗಿ ಹೆಚ್ಚುಕಡಿಮೆ ನಾಲ್ಕು ವರ್ಷ. ಅಂದು ಮನೆಯ ನಾಲ್ಕು ಕಡೆಗೆ ಆರಿಸಿದ ನೆಲಹಾಸುಗಳೆಲ್ಲ ಹಾಸಿದ ಜಾಗದಲ್ಲಿಯೇ ಇವೆ. ಅದಕ್ಕಿಂತ ಮೊದಲು ಆರು ತಂದಿದ್ದೆ, ಅವುಗಳಲ್ಲಿ ನಾಲ್ಕನ್ನು ಹೊರಗೆ ಹಾಕಿದ್ದೆ.

ಆ ನಾಲ್ಕರ ಕಥೆ ಹೇಳಲೇಬೇಕು, ಏಕೆಂದರೆ ಹಣ ಹೋದದ್ದು ಅಲ್ಲಿ. ಮೊದಲನೆಯದು 5×8 ಅಡಿಯದು. ಅಂಗಡಿಯಲ್ಲಿ ಗೋಡೆಗೆ ತೂಗುಹಾಕಿದ್ದಾಗ ದೊಡ್ಡದಾಗಿಯೇ ಕಂಡಿತ್ತು. ಸುಮಾರು 12×15 ಅಡಿಯ ಹಜಾರದಲ್ಲಿ ಹಾಸಿದ ಮೇಲೆ ಸೋಫಾಕ್ಕೂ ಅದಕ್ಕೂ ಸಂಬಂಧವೇ ಇಲ್ಲದಂತೆ ನಡುವೆ ಒಂಟಿಯಾಗಿ ಬಿದ್ದಿತ್ತು. ಎರಡನೆಯದು ರೇಷ್ಮೆಯಂತೆ ಹೊಳೆಯುತ್ತಿತ್ತು, ಬೆಲೆ ಹತ್ತಿರ ಹತ್ತಿರ ಸೋಫಾದಷ್ಟೇ. ಒಂದು ಲೋಟ ನೀರು ಚೆಲ್ಲಿತು, ಬರಿಯ ನೀರು. ಒಣಗಿದ ಮೇಲೆ ಆ ಜಾಗ ಹಳದಿಗಟ್ಟಿ, ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಬಿರುಸಾಯಿತು. ಬಾಚಿ ನೋಡಿದೆ, ಹಬೆ ಹಿಡಿದು ನೋಡಿದೆ, ಹೊಳಪು ಮರಳಲಿಲ್ಲ. ಅದು ವಿಸ್ಕೋಸ್, ಮರದ ತಿರುಳಿನಿಂದ ಮಾಡುವ ಕೃತಕ ನೂಲು. ಆರ್ಟ್ ಸಿಲ್ಕ್, ಬ್ಯಾಂಬೂ ಸಿಲ್ಕ್ ಎಂದು ಮಾರುವುದೂ ಸಾಮಾನ್ಯವಾಗಿ ಅದೇ ಎಂದು ಆಮೇಲೆ ಕಲಿತೆ. ಇಂದಿಗೂ ನನಗೆ ಹೊಟ್ಟೆ ಉರಿಯುವುದು ಆ ಹಣಕ್ಕೆ.

ಮೂರನೆಯದು ಉಣ್ಣೆಯದೇ. ಆದರೆ ಗಂಟು ಹಾಕಿದ್ದಲ್ಲ, ಬಟ್ಟೆಗೆ ಎಳೆ ಚುಚ್ಚಿ ಹಿಂದಿನಿಂದ ಅಂಟು ಬಳಿದದ್ದು. ಮೂರು ವರ್ಷವಾಗುವಷ್ಟರಲ್ಲಿ ಅಂಟು ಉದುರತೊಡಗಿತು. ಎತ್ತಿದಾಗಲೆಲ್ಲ ನೆಲದ ಮೇಲೆ ಹಿಟ್ಟು ಜರಡಿ ಹಿಡಿದಂತೆ ಬಿಳಿ ಪುಡಿ, ಜೊತೆಗೆ ಸುಟ್ಟ ರಬ್ಬರಿನಂಥ ವಾಸನೆ. ಈಗ ಯಾವುದನ್ನೇ ನೋಡಿದರೂ ಮೊದಲು ಮಗುಚುತ್ತೇನೆ. ಹಿಂಭಾಗದಲ್ಲಿ ವಿನ್ಯಾಸ ಸ್ಪಷ್ಟವಾಗಿದ್ದು ಗಂಟುಗಳು ಒಂದೊಂದಾಗಿ ಕಂಡರೆ ಮಾತು ಮುಂದುವರಿಸುತ್ತೇನೆ. ಬಟ್ಟೆ ಹೊಲಿದು ಮುಚ್ಚಿದ್ದರೆ ಕೈಮುಗಿದು ಹೊರಡುತ್ತೇನೆ. ನಾಲ್ಕನೆಯದು ಊಟದ ಮೇಜಿನ ಕೆಳಗೆ ಹಾಕಿದ ಸೆಣಬಿನದು. ಅದರ ಗತಿಯನ್ನು ವಿವರಿಸಬೇಕಾಗಿಲ್ಲ.

ಇಷ್ಟು ಕಳೆದುಕೊಂಡ ಮೇಲೆ ಕ್ರಮವನ್ನೇ ತಿರುಗಿಸಿದೆ. ಮೊದಲು ಅಳತೆ, ಆಮೇಲೆ ನೂಲು, ಬಣ್ಣ ಕೊನೆಗೆ.

ಹೊದಿಕೆ ಹಾಸಿದ್ದು ಬರೀ ಉದ್ದಗಲ ನೋಡಲಿಕ್ಕಲ್ಲ. ಮನೆಯವರ ಕಾಲು ಎಲ್ಲಿ ತಿರುಗುತ್ತದೆ ಎಂದು ಅದು ತೋರಿಸಿಕೊಡುತ್ತದೆ. ಐದಾರು ದಿನಕ್ಕೆ ಒಂದು ಮೂಲೆಯ ಟೇಪ್ ಕಿತ್ತು, ಬಟ್ಟೆ ಸುಕ್ಕಾಗಿ ಕೊಳೆಯ ಗೆರೆ ಮೂಡಿತು. ನೆಲಹಾಸಿನ ಅಂಚು ಅಲ್ಲಿಗೆ ಬಂದರೆ ಎಡವುವುದು ಖಂಡಿತ. ಅದನ್ನು ಒಂದಡಿ ಈಚೆಗೆ ಸರಿಸಿದೆ. ಹಜಾರಕ್ಕೆ 8×10 ಸಾಕು ಎಂದು ಗೊತ್ತಾದದ್ದು ಹೀಗೆ. ಸೋಫಾದ ಮುಂಗಾಲುಗಳು ಏಳೆಂಟು ಇಂಚು ಅದರ ಮೇಲೆ ನಿಂತವು, ಹಿಂಗಾಲು ಹೊರಗೆ. 9×12 ತಂದಿದ್ದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಣ ಸೇರುತ್ತಿತ್ತು, ಅದೂ ಸೋಫಾದ ಅಡಿಯಲ್ಲಿ ಅಡಗಲಿಕ್ಕೆ.

ಊಟದ ಮೇಜಿಗೆ ಲೆಕ್ಕ ಬೇರೆ. ಕುರ್ಚಿ ಒಳಗೆ ತಳ್ಳಿದ್ದಾಗ ಅಳೆಯುವುದು ಎಲ್ಲರೂ ಮಾಡುವ ತಪ್ಪು. ಊಟ ಮುಗಿಸಿ ಏಳುವವರು ಕುರ್ಚಿಯನ್ನು ಎಷ್ಟು ಹಿಂದಕ್ಕೆ ಎಳೆಯುತ್ತಾರೆ ಎಂದು ನಾಲ್ಕು ಹೊತ್ತು ನೋಡಿ ಗುರುತು ಹಾಕಿದೆ, ಸುಮಾರು ಎರಡು ಅಡಿ ಬಂತು. 3×5ರ ಮೇಜಿಗೆ ಹಾಗಾಗಿ 7×9. ಎಳೆ ಎದ್ದುನಿಲ್ಲದ, ಜಮಖಾನದಂಥ ಚಪ್ಪಟೆ ನೇಯ್ಗೆಯದನ್ನೇ ಹಾಕಿದೆ. ಬಿದ್ದ ಅಗುಳು ಗುಡಿಸಿದರೆ ಬರುತ್ತದೆ, ಕುರ್ಚಿಯ ಕಾಲೂ ಹೂತುಕೊಳ್ಳುವುದಿಲ್ಲ.

ಮಲಗುವ ಕೋಣೆಯಲ್ಲಿ ಉಳಿಸಿದ ಹಣ ಹೆಚ್ಚು. ಮಂಚದಡಿ ಅಡ್ಡಲಾಗಿ 8×10 ಹಾಕುವ ಬದಲು ಎರಡು ಬದಿಗೆ ಎರಡೂವರೆ ಅಡಿ ಅಗಲದ ಉದ್ದನೆಯ ಎರಡು ಉಣ್ಣೆಯ ತುಂಡುಗಳನ್ನು ತಂದೆ, ಖರ್ಚು ಅರ್ಧಕ್ಕಿಂತ ಕಡಿಮೆಯಾಯಿತು. ಬೆಳಿಗ್ಗೆ ಕಾಲಿಗೆ ಸಿಗಬೇಕಾದದ್ದು ಅಷ್ಟೇ ಜಾಗ. ಬಾಗಿಲಿನ ಕೆಳಗಿನ ಸಂದನ್ನು ಮಾತ್ರ ಅಳೆಯದೆ ಹೋಗಬೇಡಿ. ನಮ್ಮದು 12 ಮಿಲಿಮೀಟರ್ ಇತ್ತು. ನೆಲಹಾಸು 10, ಅದರ ಕೆಳಗೆ ಹಾಕುವ ಅಡಿಹಾಸು 6, ಬಾಗಿಲು ಅರ್ಧಕ್ಕೇ ನಿಂತಿತು. ಅಡಿಹಾಸನ್ನು ತೆಳುವಾದದ್ದಕ್ಕೆ ಬದಲಿಸಬೇಕಾಯಿತು.

ನೂಲಿನ ವಿಷಯದಲ್ಲಿ ಒಂದು ಕಡ್ಡಿಪೆಟ್ಟಿಗೆಯಷ್ಟು ನಂಬಿಕೆಯ ಗುರು ಬೇರೆ ಸಿಗಲಿಲ್ಲ. ಉಣ್ಣೆಯ ಎಳೆ ಕೂದಲು ಸುಟ್ಟ ವಾಸನೆ ಕೊಟ್ಟು ಜ್ವಾಲೆ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯೂ ವಿಸ್ಕೋಸೂ ಕಾಗದದಂತೆ ಉರಿಯುತ್ತವೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಇದರಲ್ಲೂ ಒಮ್ಮೆ ಮೋಸಹೋದೆ. ಕುಚ್ಚಿನ ಎಳೆ ಕಿತ್ತು ಸುಟ್ಟು, ಇದು ಹತ್ತಿ, ಉಣ್ಣೆಯೆಂದು ಸುಳ್ಳು ಹೇಳುತ್ತಿದ್ದಾರೆ ಎಂದು ಅಂಗಡಿಯವರೊಡನೆ ಜಗಳವಾಡಿ ಬಂದೆ. ಕೈಯಲ್ಲಿ ಗಂಟು ಹಾಕಿದ್ದರಲ್ಲಿ ಕುಚ್ಚು ಎಂದರೆ ಹಾಸಿನ ನೂಲು, ಅಂದರೆ ನೇಯುವಾಗ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ತುದಿ, ಅದು ಬಹುಪಾಲು ಹತ್ತಿಯೇ. ಮೇಲಿನ ಎಳೆಯನ್ನು ಸುಡಬೇಕಿತ್ತು. ಮರುದಿನ ಹೋಗಿ ಕ್ಷಮೆ ಕೇಳಿ ಅದನ್ನೇ ಕೊಂಡೆ. ಈಗ ಹಜಾರದಲ್ಲಿರುವುದು ಅದೇ.

ಅಡುಗೆಮನೆಗೆಂದು ಬೇರೊಂದು ಪ್ರಯೋಗ ಮಾಡಿದೆ. ಮೂರು ಬಗೆಯ ತುಂಡುಗಳ ಮೇಲೆ ನೀರು, ಎಣ್ಣೆ ತೊಟ್ಟಿಕ್ಕಿ ಒಂದು ರಾತ್ರಿ ಬಿಟ್ಟೆ. ನೀರಿಗೆ ಜಗ್ಗದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲು ಎಣ್ಣೆಯನ್ನು ಮಾತ್ರ ಬಿಡಲೇ ಇಲ್ಲ, ಸಾಬೂನಿಗೂ ಮಣಿಯಲಿಲ್ಲ. ಕೊನೆಗೆ ಯಂತ್ರದಲ್ಲಿ ಒಗೆಯಬಹುದಾದ ಹತ್ತಿಯದನ್ನೇ ಅಲ್ಲಿ ಹಾಕಿದೆ. ಪಾಲಿಪ್ರೊಪಿಲೀನ್ ತುಂಡು ಬಾಲ್ಕನಿಗೆ ಹೋಯಿತು, ಅಲ್ಲಿ ಚೆನ್ನಾಗಿಯೇ ಇದೆ.

ಬಣ್ಣಕ್ಕೆ ಬಂದರೆ, ಎಳೆ ವಾಲಿರುವ ದಿಕ್ಕಿನಿಂದಾಗಿ ಒಂದೇ ನೆಲಹಾಸು ಒಂದು ತುದಿಯಿಂದ ತಿಳಿಯಾಗಿಯೂ ಇನ್ನೊಂದು ತುದಿಯಿಂದ ಗಾಢವಾಗಿಯೂ ಕಾಣುತ್ತದೆ. ಹಾಗಾಗಿ ಎರಡು ದಿನ ಮನೆಯಲ್ಲಿ ಹಾಸಿ ನೋಡಲು ಒಪ್ಪುವವರಿಂದ ಮಾತ್ರ ಕೊಳ್ಳುತ್ತೇನೆ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಕೆಂಪು, ನೀಲಿ ಭಾಗಗಳನ್ನು ಒರೆಸಿದರೆ ಬಣ್ಣ ಬಿಡುತ್ತದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ.

ಅಡಿಹಾಸಿಗೆ ನೆಲಹಾಸಿನ ಬೆಲೆಯ ಎಂಟನೇ ಒಂದು ಭಾಗ ಹೋಯಿತು. ಸುತ್ತಲೂ ಒಂದು ಇಂಚು ಕಡಿಮೆ ಕತ್ತರಿಸಿದ್ದೇನೆ. ಮೂಲೆ ಮೇಲೇಳದಂತೆ ಮಾಡುವ ಉಪಾಯ ಒಂದಿದೆ, ಅದನ್ನು ಕಂಡುಕೊಳ್ಳಲು ಎರಡು ವರ್ಷ ಹಿಡಿದಿದ್ದರಿಂದ ಸದ್ಯಕ್ಕೆ ನನ್ನಲ್ಲೇ ಇರಲಿ. ನಾಲ್ಕು ಕಡೆಗೂ ಸೇರಿ ಆದ ಖರ್ಚು, ಹಿಂದೆ ಹೊರಗೆ ಹಾಕಿದ ನಾಲ್ಕರ ಮುಕ್ಕಾಲು ಭಾಗವನ್ನೂ ದಾಟಿಲ್ಲ.

ಒಂದು ಏಟು ಮಾತ್ರ ಆಮೇಲೂ ತಿಂದೆ. ಕಳೆದ ವರ್ಷ ಸೋಫಾ ಸರಿಸಿದಾಗ ಅದರ ಅಡಿಯಲ್ಲಿ ಅಂಗೈಯಷ್ಟು ಜಾಗ ಬೋಳಾಗಿತ್ತು, ಸುತ್ತ ಹೊಟ್ಟಿನಂಥ ಒಣ ಪೊರೆಗಳು. ಕತ್ತಲೆಯಲ್ಲಿ ಯಾರೂ ಕದಲಿಸದ ಉಣ್ಣೆ ಎಂದರೆ ಹುಳುಗಳಿಗೆ ಅನ್ನ. ಈಗ ಎರಡು ತಿಂಗಳಿಗೊಮ್ಮೆ ಅಂಚೆತ್ತಿ ಎರಡೂ ಬದಿ ವ್ಯಾಕ್ಯೂಮ್ ಮಾಡುತ್ತೇನೆ, ಆರು ತಿಂಗಳಿಗೊಮ್ಮೆ ತಿರುಗಿಸಿ ಹಾಸುತ್ತೇನೆ. ಬೋಳಾದ ಕಡೆಯನ್ನು ನಾನೇ ಸೂಜಿ ಹಿಡಿದು ತುಂಬಿದ್ದೇನೆ, ತೋರಿಸದೆ ಯಾರಿಗೂ ಕಾಣುವುದಿಲ್ಲ.

ಅಣ್ಣನ ಮನೆಯ ಹಜಾರದಲ್ಲಿ ಈಗ ಅತ್ತಿಗೆಯ ಮೂರು ಹಳೆಯ ಹೊದಿಕೆಗಳು ಹಾಸಿಕೊಂಡಿವೆ. ಇಂದು ಆರನೆಯ ದಿನ. ಅಡುಗೆಮನೆಯ ಕಡೆಯ ಮೂಲೆಯಲ್ಲಿ ಟೇಪ್ ಕಿತ್ತಿದೆಯೆಂದು ಬೆಳಿಗ್ಗೆ ಅಣ್ಣನೇ ಫೋನ್ ಮಾಡಿ ಹೇಳಿದ.