ಸುಳ್ಳು ಫೋನಿನಿಂದ ಶುರುವಾದ ರಾತ್ರಿ ನಡಿಗೆ

ಸಂಜೆ ಪಾಳಿ ಮುಗಿಸಿ ಬಸ್ಸಿಗೆ ಕಾಯುವಾಗ ನಾನು ದಿನಾ ಫೋನಲ್ಲಿ ಮಾತಾಡುತ್ತಿದ್ದೆ. ಆ ಕಡೆ ಯಾರೂ ಇರುತ್ತಿರಲಿಲ್ಲ. "ಹ್ಞಾಂ, ಬಂದ್ಬಿಟ್ಟೆ, ಇನ್ನೈದು ನಿಮಿಷ, ಅಲ್ಲೇ ಇರಿ" ಅಂತ ಗಾಳಿಗೆ ಹೇಳುತ್ತಾ ನಿಲ್ಲುತ್ತಿದ್ದೆ. ಒಂದಿನ ಹಾಗೆ ಮಾತಾಡುತ್ತಿರುವಾಗಲೇ ಕಿವಿಗೆ ಹಿಡಿದಿದ್ದ ಫೋನು ಜೋರಾಗಿ ರಿಂಗ್ ಆಯಿತು. ಪಕ್ಕದಲ್ಲಿದ್ದ ಹೆಂಗಸು ಫಕ್ಕನೆ ನಕ್ಕರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅವರು ತಮ್ಮ ಫೋನು ಮುಂದೆ ಹಿಡಿದರು. "ನನ್ನದರಲ್ಲಿ ಚಾರ್ಜೇ ಇಲ್ಲ ಕಣಮ್ಮ, ಅರ್ಧ ಗಂಟೆಯಿಂದ ಮಾತಾಡ್ತಾ ಇದ್ದೀನಿ!"

ಹೆಂಗಸರು ಭಯವಿಲ್ಲದೆ ಓಡಾಡುವಂತೆ ಬೀದಿಗಳನ್ನು ಸರಿ ಮಾಡಿಸುವ ನಮ್ಮ ಗುಂಪು ಹುಟ್ಟಿದ್ದು ಹೀಗೆ. ನಾಲ್ಕು ವರ್ಷ ಆಯಿತು. ಏನು ಮಾಡಿದೆವು, ಎಲ್ಲಿ ಎಡವಿದೆವು ಅನ್ನುವುದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಶುರು ಮಾಡುವುದಿದ್ದರೆ ನಮ್ಮ ತಪ್ಪುಗಳನ್ನು ಬಿಟ್ಟು ನಿಮ್ಮದೇ ಹೊಸ ತಪ್ಪು ಮಾಡಬಹುದು.

ಮೊದಲ ತಪ್ಪು ಮೊದಲ ಸಭೆಯಲ್ಲೇ ಆಯಿತು. "ನಿಮಗೆ ಎಲ್ಲಿ ಓಡಾಡೋಕೆ ಭಯ ಆಗುತ್ತೆ?" ಅಂತ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. "ನನಗೇನು ಭಯ? ನಾನು ಯಾರಿಗೂ ಹೆದರೋಳಲ್ಲ" ಅಂದರು ಒಬ್ಬರು. ಉಳಿದವರೂ ತಲೆಯಾಡಿಸಿದರು. ಭಯ ಇದೆ ಅಂತ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು ಯಾರಿಗೂ ಇಷ್ಟವಿಲ್ಲ, ಅಲ್ವಾ? ಮುಂದಿನ ಸಲ ಪ್ರಶ್ನೆ ಬದಲಾಯಿಸಿದೆ. "ನೀವು ಹತ್ತಿರದ ದಾರಿ ಬಿಟ್ಟು ಸುತ್ತು ಹಾಕ್ಕೊಂಡು ಹೋಗೋದು ಎಲ್ಲಿ?" ಆಮೇಲೆ ಮಾತು ನಿಲ್ಲಲೇ ಇಲ್ಲ. ಹೆದರುವುದಿಲ್ಲ ಅಂದಿದ್ದ ಅದೇ ಹೆಂಗಸು ಅಂಡರ್‌ಪಾಸ್ ತಪ್ಪಿಸೋಕೆ ದಿನಾ ಹನ್ನೆರಡು ನಿಮಿಷ ಜಾಸ್ತಿ ನಡೆಯುತ್ತಿದ್ದರು. ಎಷ್ಟೋ ವರ್ಷದಿಂದ.

ದೊಡ್ಡ ಹಾಳೆಯಲ್ಲಿ ಕೈಯಲ್ಲೇ ರಸ್ತೆಗಳನ್ನು ಬರೆದು, ಸುತ್ತು ಹಾಕುವ ಜಾಗಕ್ಕೆಲ್ಲ ಕೆಂಪು ಚುಕ್ಕೆ ಇಟ್ಟೆವು. ಜೊತೆಗೆ ಹೊತ್ತನ್ನೂ ಬರೆಸಿದೆವು. ಇದು ಬಹಳ ಉಪಯೋಗಕ್ಕೆ ಬಂತು. ತೊಂದರೆ ಅಂದರೆ ರಾತ್ರಿ ಅಂತಲೇ ನಾನು ಅಂದುಕೊಂಡಿದ್ದೆ. ಮನೆಗೆಲಸಕ್ಕೆ ಹೋಗುವವರು ಹೇಳಿದ್ದು ಬೆಳಗಿನ ಜಾವ ಐದೂವರೆ. ಬೀದಿದೀಪ ಟೈಮರಿನಲ್ಲಿ ಆರಿಬಿಡುತ್ತದೆ, ಚಳಿಗಾಲದಲ್ಲಿ ಆ ಹೊತ್ತಿಗೆ ಬೆಳಕೇ ಹರಿದಿರುವುದಿಲ್ಲ. ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಬರುವವರು ಹೇಳಿದ್ದು ಮಧ್ಯಾಹ್ನ ಎರಡು ಗಂಟೆ. ಆಗ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ.

ಆಮೇಲೆ ನಡಿಗೆ. ಈ ವಿಧಾನ ನಮ್ಮದಲ್ಲ. ಕೆನಡಾದ ಟೊರಾಂಟೊದಲ್ಲಿ ಮೆಟ್ರಾಕ್ ಅನ್ನುವ ಸಂಸ್ಥೆ 1989ರಲ್ಲಿ ಇದಕ್ಕೊಂದು ಕೈಪಿಡಿ ಮಾಡಿತು. ಸುರಕ್ಷತಾ ಆಡಿಟ್ ಅಂತ ಹೆಸರು. ಆಮೇಲೆ ಜಗತ್ತಿನ ಎಷ್ಟೋ ನಗರಗಳಿಗೆ ಅದು ಹರಡಿತು. ಹೆಸರು ಕೇಳಿದರೆ ಲೆಕ್ಕಪತ್ರದ ವಿಷಯ ಅನ್ನಿಸುತ್ತದೆ, ಆದರೆ ಮಾಡುವುದು ಸರಳ. ಆ ದಾರಿ ಬಳಸುವವರೇ, ಆ ಹೊತ್ತಿನಲ್ಲೇ ನಡೆದು, ಕಂಡದ್ದನ್ನು ಬರೆದುಕೊಳ್ಳಬೇಕು. ನಾವು ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಂಡೆವು. ಒಬ್ಬರು ಪ್ರಶ್ನೆ ಓದುವವರು, ಒಬ್ಬರು ಬರೆಯುವವರು, ಒಬ್ಬರು ಫೋಟೋ, ಇನ್ನೊಬ್ಬರು ಅಳತೆ ಟೇಪು ಹಿಡಿಯುವವರು. ಮುಂದೆ ಯಾರಿದ್ದಾರೆ ಅಂತ ನನಗೆ ಕಾಣುತ್ತಾ? ನಾನು ಬೇರೆಯವರಿಗೆ ಕಾಣುತ್ತೀನಾ? ಕೂಗಿದರೆ ಯಾರಿಗೆ ಕೇಳುತ್ತೆ? ಇಲ್ಲಿಂದ ಹೊರಗೆ ಹೋಗೋಕೆ ಎರಡನೇ ದಾರಿ ಇದೆಯಾ? ಇಷ್ಟು ಪ್ರಶ್ನೆಗೆ ಉತ್ತರ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬೆಳಕಿಗೆ ಮೀಟರು ಗೀಟರು ಏನೂ ಇರಲಿಲ್ಲ. ಒಬ್ಬರು ಹದಿನೈದು ಹೆಜ್ಜೆ ದೂರ ಹೋಗಿ ನಿಲ್ಲೋದು. ಮುಖ ಗುರುತು ಸಿಕ್ಕರೆ ಸರಿ, ಬರೀ ಆಕಾರ ಕಂಡರೆ ತಪ್ಪು. ಒಂದು ಕಂಬದ ಕೆಳಗೆ ನಿಂತು ಎಲ್ಲರೂ ಮೇಲೆ ನೋಡಿದೆವು. ದೀಪ ಉರಿಯುತ್ತಲೇ ಇತ್ತು, ಕಾಗದದ ಮೇಲೆ ಅದು 'ಸರಿಯಾಗಿದೆ'. ಆದರೆ ಪಕ್ಕದ ಮರದ ಕೊಂಬೆ ಅದನ್ನು ಪೂರ್ತಿ ನುಂಗಿತ್ತು. ಎಲೆಗಳ ಹೊಟ್ಟೆಯೊಳಗೆ ಹಳದಿ ಬೆಳಕು, ಕೆಳಗೆ ಕತ್ತಲು. ಮರಕ್ಕೆ ಮಾತ್ರ ಹಗಲು. ಬಸ್ ನಿಲ್ದಾಣದಲ್ಲಿ ಇನ್ನೊಂದು ಕಥೆ. ಹಿಂದೆಯೂ ಪಕ್ಕಕ್ಕೂ ಜಾಹೀರಾತು ಫಲಕ. ಒಳಗೆ ಕೂತವರು ಹೊರಗಿನವರಿಗೆ ಕಾಣುವುದಿಲ್ಲ, ಹಿಂದೆ ಯಾರು ನಿಂತಿದ್ದಾರೆ ಅಂತ ಒಳಗಿನವರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನಾವೆಲ್ಲ ಮಳೆಯಲ್ಲೂ ನಿಲ್ದಾಣದ ಹೊರಗೇ ನಿಲ್ಲುತ್ತಿದ್ದೆವು. ಕಾರಣ ಗೊತ್ತಾಗಿದ್ದು ಆ ರಾತ್ರಿ.

ಇಷ್ಟೆಲ್ಲ ಬರೆದುಕೊಂಡು ಬಂದು ಒಂದು ಅರ್ಜಿ ಕೊಟ್ಟೆವು. "ಮಹಿಳೆಯರ ಸುರಕ್ಷತೆಯ ದೃಷ್ಟಿಯಿಂದ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ." ಸೀಲು ಬಿತ್ತು, ಅಷ್ಟೇ. ಮೂರು ತಿಂಗಳು ಏನೂ ಇಲ್ಲ. ಕೊನೆಗೆ ಕಚೇರಿಯ ಒಬ್ಬ ಹಳೆಯ ಗುಮಾಸ್ತರೇ ದಾರಿ ಹೇಳಿಕೊಟ್ಟರು. "ಮೇಡಂ, ಸೂಕ್ತ ಕ್ರಮ ಅಂದ್ರೆ ಯಾರ ಮೇಜಿಗೂ ಹೋಗಲ್ಲ. ಕಂಬದ ನಂಬರ್ ಬರೀರಿ." ಪ್ರತಿ ಕಂಬಕ್ಕೂ ಒಂದು ನಂಬರ್ ಇರುತ್ತದೆ ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ! ಮರ ಒಂದು ವಿಭಾಗ, ದೀಪ ಇನ್ನೊಂದು, ನಿಲ್ದಾಣ ಮತ್ತೊಂದು, ಫಲಕ ಗುತ್ತಿಗೆದಾರರದ್ದು. ಒಂದು ಅರ್ಜಿಯನ್ನು ಏಳು ಅರ್ಜಿ ಮಾಡಿದೆವು. ಪ್ರತಿಯೊಂದಕ್ಕೂ ಒಂದೇ ಕೆಲಸ, ಒಂದು ಫೋಟೋ, ತೆಗೆದ ಹೊತ್ತು. ಕೊಂಬೆ ಎರಡು ವಾರದಲ್ಲಿ ಹೋಯಿತು. ಫಲಕ ತೆಗೆಸೋಕೆ ಒಂದು ವರ್ಷ ಹಿಡಿಯಿತು, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಎಂಜಿನಿಯರರನ್ನು ಹಗಲು ಕರೆದರೆ ಪ್ರಯೋಜನವಿಲ್ಲ, ಇದು ಖಂಡಿತ. ಹಗಲು ಬಂದವರು "ಇಲ್ಲೇನಿದೆ ಮೇಡಂ, ಚೆನ್ನಾಗೇ ಇದೆಯಲ್ಲ" ಅಂದರು. ರಾತ್ರಿ ಒಂಬತ್ತಕ್ಕೆ ಕರೆಸಿದಾಗ ಅಂಡರ್‌ಪಾಸಿನ ಬಾಯಲ್ಲಿ ನಿಂತು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ತಮ್ಮ ಫೋನಿನ ಟಾರ್ಚ್ ಹಾಕಿಕೊಂಡರು. ನಾವು ಏನೂ ಹೇಳಬೇಕಾಗಲಿಲ್ಲ.

ಬೆಳಕಿನ ವಿಷಯದಲ್ಲಿ ನಾವೇ ಮಾಡಿದ ತಪ್ಪೂ ಒಂದಿದೆ. ಪಾರ್ಕಿನ ಮೂಲೆಗೆ ಎತ್ತರದ ಕಂಬ, ದೊಡ್ಡ ಫ್ಲಡ್‌ಲೈಟು ಬೇಕು ಅಂತ ಹಟ ಹಿಡಿದೆವು. ಬಂತು. ಖುಷಿಪಟ್ಟೆವು. ವಾರದಲ್ಲೇ ಒಬ್ಬಳು ಹುಡುಗಿ ಹೇಳಿದಳು, "ಅಕ್ಕ, ಅದರ ಕೆಳಗೆ ನಡೆದರೆ ಸ್ಟೇಜಿನ ಮೇಲೆ ಇದ್ದಂಗೆ ಆಗುತ್ತೆ. ಎಲ್ಲರಿಗೂ ನಾನು ಕಾಣ್ತೀನಿ, ನನಗೆ ಯಾರೂ ಕಾಣಲ್ಲ." ನಿಜವೇ. ಕಣ್ಣು ಜೋರು ಬೆಳಕಿಗೆ ಹೊಂದಿಕೊಂಡುಬಿಟ್ಟರೆ ಅದರಾಚೆಯ ಕತ್ತಲು ಇನ್ನೂ ಗಾಢ. ಒಂದು ಜೋರು ದೀಪಕ್ಕಿಂತ ತಗ್ಗಿನಲ್ಲಿರುವ, ಕಣ್ಣಿಗೆ ಹೊಡೆಯದ, ಸಮ ಅಂತರದ ಐದು ಸಣ್ಣ ದೀಪ ಮೇಲು. ಅದನ್ನು ಬದಲಾಯಿಸಿ ಅಂತ ಮತ್ತೆ ಅರ್ಜಿ ಹಿಡಿದು ಹೋದಾಗ ಬೈಸಿಕೊಂಡೆವು. ಬೈಸಿಕೊಳ್ಳಬೇಕಾದದ್ದೇ.

ಆದರೆ ಇದೆಲ್ಲಕ್ಕಿಂತ ದೊಡ್ಡ ಎಡವಟ್ಟು ಕಾವಲು ಪಡೆಯದು. ನಮ್ಮ ಕೆಲಸ ನೋಡಿ ಕೆಲವು ಹುಡುಗರು ಮುಂದೆ ಬಂದರು. ಒಳ್ಳೆಯ ಹುಡುಗರೇ. ರಾತ್ರಿ ಹತ್ತರವರೆಗೆ ಶಿಳ್ಳೆ ಇಟ್ಟುಕೊಂಡು ಸುತ್ತುತ್ತೇವೆ ಅಂದರು. ನಾವು ಚಪ್ಪಾಳೆ ತಟ್ಟಿದೆವು. ಮೊದಲ ವಾರ ಚೆನ್ನಾಗಿತ್ತು. ಎರಡನೇ ವಾರ ಅವರು ಹೆಣ್ಣುಮಕ್ಕಳನ್ನು ನಿಲ್ಲಿಸಿ ಕೇಳೋಕೆ ಶುರು ಮಾಡಿದರು: "ಇಷ್ಟೊತ್ತಲ್ಲಿ ಎಲ್ಲಿಗಮ್ಮ? ಜೊತೆಗಿರೋದು ಯಾರು?" ಮೂರನೇ ವಾರ ಒಬ್ಬಳ ಮನೆಗೇ ಹೋಗಿ ಹೇಳಿಬಂದರು, ಅವಳ ಒಳ್ಳೆಯದಕ್ಕೇ ಅಂತ. ಅವಳ ಸಂಜೆ ಕ್ಲಾಸು ನಿಂತಿತು. ಅವಳು ನನಗೆ ಫೋನ್ ಮಾಡಿ ಅಳಲಿಲ್ಲ, ಬೈಯಲಿಲ್ಲ. "ನಿಮ್ಮ ಸುರಕ್ಷತೆ ಮುಗೀತಾ ಅಕ್ಕ?" ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ನಾವು ರಸ್ತೆಯನ್ನು ಅವಳಿಗೆ ಸರಿ ಮಾಡಲು ಹೊರಟು, ಅವಳನ್ನೇ ರಸ್ತೆಯಿಂದ ತೆಗೆದುಬಿಟ್ಟಿದ್ದೆವು. ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಎರಡು ತಿಂಗಳ ಮೇಲೆ ಕ್ಲಾಸು ಮತ್ತೆ ಶುರುವಾಯಿತು, ಆದರೆ ಅಷ್ಟರಲ್ಲಿ ಒಂದು ಪರೀಕ್ಷೆ ತಪ್ಪಿಹೋಗಿತ್ತು. ಅವತ್ತಿನಿಂದ ಏನೇ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಇದರಿಂದ ಹೆಂಗಸರು ಹೊರಗೆ ಜಾಸ್ತಿ ಹೊತ್ತು ಇರೋಕೆ ಆಗುತ್ತಾ, ಕಡಿಮೆ ಹೊತ್ತಾ? ಕೆಲಸಕ್ಕೆ, ಔಷಧಿಗೆ, ಮಗುವನ್ನು ಕರೆತರೋಕೆ ಅಂತ ಕಾರಣ ಕೊಡದೆ, ಸುಮ್ನೆ ಬೆಂಚಿನ ಮೇಲೆ ಕೂರೋಕೆ ಆಗುತ್ತಾ?

ಕಾವಲು ಪಡೆ ಬರಖಾಸ್ತು ಮಾಡಿದೆವು. ಹುಡುಗರನ್ನು ಬಿಡಲಿಲ್ಲ. ಯಾರಿಗಾದರೂ ಕಿರುಕುಳ ಆಗುವಾಗ ಪಕ್ಕದಲ್ಲಿ ನಿಂತವರು ಏನು ಮಾಡಬಹುದು ಅನ್ನುವುದನ್ನು ಎಲ್ಲರೂ ಸೇರಿ ಕಲಿತೆವು. ರೈಟ್ ಟು ಬಿ ಅನ್ನುವ ಸಂಸ್ಥೆ ಐದು ದಾರಿ ಹೇಳಿಕೊಡುತ್ತದೆ: ಗಮನ ಬೇರೆಡೆ ಸೆಳೆಯುವುದು, ಬೇರೆಯವರ ಸಹಾಯ ಕೇಳುವುದು, ದಾಖಲೆ ಮಾಡಿಕೊಳ್ಳುವುದು, ಆಮೇಲೆ ವಿಚಾರಿಸುವುದು, ನೇರವಾಗಿ ಹೇಳುವುದು. ನಮ್ಮ ಹುಡುಗರಿಗೆ ಕೊನೆಯದೊಂದೇ ಗೊತ್ತಿತ್ತು, ಅದೂ ತೋಳು ಮಡಚಿಕೊಂಡು. ಮೊದಲನೆಯದೇ ಎಷ್ಟೋ ಕಡೆ ಸಾಕು ಅಂತ ನಂಬಿಸೋಕೆ ಅಭಿನಯ ಮಾಡಿಸಿದೆವು. ಬಸ್ಸಿನಲ್ಲಿ ಒಬ್ಬ ಹುಡುಗಿಗೆ ಒಬ್ಬ ಒತ್ತಿಕೊಂಡು ನಿಂತಿದ್ದಾನೆ. ನೀವು ಅವನನ್ನು ನೋಡಲೇಬೇಡಿ. ಹುಡುಗಿಯ ಹತ್ತಿರ ಹೋಗಿ "ಈ ಬಸ್ಸು ಆಸ್ಪತ್ರೆ ಕಡೆ ಹೋಗುತ್ತಾಮ್ಮ?" ಅನ್ನಿ. ನಡುವೆ ಜಾಗ ಮಾಡಿಕೊಂಡು ನಿಲ್ಲಿ. ವಿಡಿಯೋ ಮಾಡಿದ್ದರೆ ಅದು ಅವಳದ್ದು, ಅವಳನ್ನು ಕೇಳದೆ ಎಲ್ಲೂ ಹಾಕಬಾರದು. ಇದನ್ನು ಮೂರು ಸಲ ಹೇಳಬೇಕಾಯಿತು.

ಬಸ್ಸಿನ ಮಾತು ಬಂತಲ್ಲ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1996ರಿಂದ ಒಂದು ಪದ್ಧತಿ ಇದೆ. ರಾತ್ರಿ ಹೊತ್ತು ಹೆಂಗಸರು ಕೇಳಿದರೆ ಚಾಲಕರು ಎರಡು ನಿಲ್ದಾಣದ ನಡುವೆ, ಅವರಿಗೆ ಹತ್ತಿರವಾಗುವ ಕಡೆ ಇಳಿಸುತ್ತಾರೆ. ಓದಿದಾಗ ಹೊಟ್ಟೆಕಿಚ್ಚಾಯಿತು. ಖರ್ಚಿಲ್ಲದ ಕೆಲಸ! ನಮ್ಮ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಆದರೆ ಇಬ್ಬರು ಚಾಲಕರು ಯಾರನ್ನೂ ಕೇಳದೆ ಮಾಡುತ್ತಿದ್ದಾರೆ, ಅದಕ್ಕೇ ಮಾರ್ಗದ ನಂಬರ್ ಬರೆಯುವುದಿಲ್ಲ.

ಮ್ಯಾಪಿನ ಪ್ರಯೋಗವೂ ಮಾಡಿದೆವು. ಕಿರುಕುಳ ಆದ ಜಾಗವನ್ನು ಮ್ಯಾಪಿನಲ್ಲಿ ಗುರುತಿಸುವ ಹರಾಸ್‌ಮ್ಯಾಪ್ ಈಜಿಪ್ಟಿನಲ್ಲಿ 2010ರಲ್ಲಿ, ಬೀದಿ ಎಷ್ಟು ಸುರಕ್ಷಿತ ಅಂತ ತೋರಿಸುವ ಸೇಫ್ಟಿಪಿನ್ ಆ್ಯಪ್ ಭಾರತದಲ್ಲಿ 2013ರಲ್ಲಿ ಶುರುವಾದವು, ಅವುಗಳಿಂದ ಕಲಿಯೋಕೆ ಬಹಳ ಇದೆ. ನಾವು ಮಾತ್ರ ಕೆಂಪು ಚುಕ್ಕೆಯ ಹಾಳೆಯನ್ನು ಫೋಟೋ ತೆಗೆದು ವಾಟ್ಸಾಪಿನಲ್ಲಿ ಎಲ್ಲರಿಗೂ ಹಂಚಿ ಕೆಟ್ಟೆವು. ಮನೆಗಳಲ್ಲಿ ಅದು "ಆ ಕಡೆ ಹೋಗಬೇಡ" ಪಟ್ಟಿಯಾಯಿತು. ಚುಕ್ಕೆ ಬಿದ್ದ ಬೀದಿಯ ಹೆಂಗಸರು ಬಂದು "ನಮ್ಮ ಬೀದಿಗೆ ಕೆಟ್ಟ ಹೆಸರು ತಂದ್ರಿ" ಅಂತ ಜಗಳವಾಡಿದರು. ಅವರದ್ದು ತಪ್ಪಲ್ಲ. ಈಗ ಹಾಳೆ ನಮ್ಮಲ್ಲೇ ಇರುತ್ತದೆ, ಕಚೇರಿಗೆ ತೋರಿಸೋಕೆ ಮಾತ್ರ.

ಕ್ಯಾಮೆರಾ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನ ಮರುಪ್ರಶ್ನೆ ಒಂದೇ: ಅದನ್ನು ನೋಡುವವರು ಯಾರು? ನಾವು ಹೋಗಿ ನೋಡಿದಾಗ ಒಂದು ಕಡೆ ಪರದೆಯ ಮುಂದೆ ಖಾಲಿ ಕುರ್ಚಿ, ಕುರ್ಚಿಯ ಮೇಲೆ ಛತ್ರಿ. ಆದದ್ದಕ್ಕೆ ಸಾಕ್ಷಿ ಬೇಕಾದರೆ ಕ್ಯಾಮೆರಾ ಸರಿ. ಆಗುವಾಗ ಬೇಕಾಗುವುದು ಜನ. ನಿಲ್ದಾಣದ ಪಕ್ಕದ ತಳ್ಳುಗಾಡಿಗಳನ್ನು ತೆರವು ಮಾಡಲು ಬಂದಾಗ ಅಡ್ಡ ನಿಂತವರು ನಾವೇ. ರಾತ್ರಿ ಹತ್ತರವರೆಗೆ ಅಲ್ಲಿ ಕೂರುವ ಒಬ್ಬ ವ್ಯಾಪಾರಿ ಹೆಂಗಸು ಹತ್ತು ಕ್ಯಾಮೆರಾಕ್ಕೆ ಸಮ.

ಪಾರ್ಕಿನದ್ದು ನಿಧಾನದ ಕೆಲಸ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1990ರ ದಶಕದಲ್ಲಿ ನೋಡಿದಾಗ, ಸುಮಾರು ಒಂಬತ್ತು ಹತ್ತು ವರ್ಷ ದಾಟುತ್ತಿದ್ದಂತೆ ಹುಡುಗಿಯರು ಪಾರ್ಕಿಗೆ ಬರುವುದೇ ಕಡಿಮೆಯಾಗುತ್ತಿತ್ತು. ಹುಡುಗರು ಬರುತ್ತಲೇ ಇದ್ದರು, ದೊಡ್ಡ ಬಯಲೆಲ್ಲ ಅವರದ್ದೇ. ಅಲ್ಲಿ ಬಯಲನ್ನು ಭಾಗ ಮಾಡಿ, ಬೇರೆ ಬೇರೆ ಆಟಕ್ಕೆ ಜಾಗ ಕೊಟ್ಟರು. ನಾವೂ ಬೆಂಚುಗಳನ್ನು ಎದುರುಬದುರು ಹಾಕಿಸಿದೆವು, ಎರಡನೇ ಗೇಟು ತೆರೆಸಿದೆವು. ಸಂಜೆ ಈಗ ಹುಡುಗಿಯರು ಬರುತ್ತಾರೆ. ಎಷ್ಟು ಅಂತ ಎಣಿಸಿದ್ದೇವೆ, ಆದರೆ ಮಳೆಗಾಲದಲ್ಲಿ ಒಂದು, ಬೇಸಿಗೆಯಲ್ಲಿ ಒಂದು ಲೆಕ್ಕ ಬರುತ್ತದೆ, ಹೆಮ್ಮೆಯಿಂದ ಹೇಳುವಂಥದ್ದೇನಲ್ಲ.

ಅಂಡರ್‌ಪಾಸ್ ಇನ್ನೂ ಹಾಗೇ ಇದೆ. ದೀಪ ಹಾಕಿದರು, ನೀರು ನಿಂತು ವೈರು ಕೆಟ್ಟಿತು. ಮತ್ತೆ ಹಾಕಿದರು, ಮತ್ತೆ ಕೆಟ್ಟಿತು. ನಡುವೆ ಒಂದು ತಿರುವಿದೆ, ಅದರಾಚೆ ಯಾರಿದ್ದಾರೆ ಅಂತ ಎಷ್ಟು ದೀಪ ಹಾಕಿದರೂ ಕಾಣುವುದಿಲ್ಲ. ತಿರುವಿಗೆ ದೊಡ್ಡ ಕನ್ನಡಿ ಹಾಕಬಹುದು ಅಂತ ಟಾರ್ಚ್ ಹಿಡಿದಿದ್ದ ಅದೇ ಎಂಜಿನಿಯರರು ಹೇಳಿದ್ದಾರೆ, ಅಳತೆ ಕೊಡಿ ಅಂದಿದ್ದಾರೆ. ಹನ್ನೆರಡು ನಿಮಿಷ ಸುತ್ತು ಹಾಕುವವರು ಈಗಲೂ ಸುತ್ತೇ ಹಾಕುತ್ತಿದ್ದಾರೆ. ಈ ಶುಕ್ರವಾರ ರಾತ್ರಿ ಒಂಬತ್ತಕ್ಕೆ ಅಲ್ಲಿ ನಡಿಗೆ. ಟೇಪು ತರೋದು ಈ ಸಲ ನನ್ನ ಸರದಿ.